ಒಂದು ಮನೆ ಬಾಕಿ

2016 ಜೂನ್ 6, ಸೋಮವಾರ

ಹದಿನೇಳು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಬಂದೆ. ಸೋಪು ಹಾಕಿ ತೊಳೆದರೂ ಕೈ ವಾಸನೆ. ಹದಿನೆಂಟನೆಯ ಮನೆಯವರು ಬಾವಿ ಹತ್ತಿರ ಬಿಡಲಿಲ್ಲ, ನೀರಿನ ರುಚಿ ಕೆಡುತ್ತದಂತೆ. ಕಾಮಾಲೆ ಬಂದರೆ ಯಾವ ರುಚಿಯೂ ಇರುವುದಿಲ್ಲ ಎಂದೆ. ಬಾಗಿಲು ಹಾಕಿಕೊಂಡರು.

ಆಶಾ ಕಾರ್ಯಕರ್ತೆಯಾಗಿ ಕೆಲಸಕ್ಕೆ ಸೇರಿ ಎಂಟು ವರ್ಷ. ಊರು ಕೇರಳದ್ದು, ರಿಪೋರ್ಟ್ ಮಲಯಾಳದಲ್ಲೇ ಆಗಬೇಕು. ಮಾತಾಡಿದರೆ ಪರವಾಗಿಲ್ಲ, ಬರೆದರೆ ನನ್ನ ಮಲಯಾಳ ಕಾಗೆ ಕಾಲು ಗುಬ್ಬಿ ಕಾಲು. ಅದಕ್ಕೇ ಈ ಪುಸ್ತಕ. ಇಲ್ಲಿ ಯಾರೂ ತಪ್ಪು ಹಿಡಿಯುವುದಿಲ್ಲ.

ಬರುವಾಗ ಮಗ್ದಲಿನ್ ಮನೆಯಲ್ಲಿ ಚಾ. ಒಂದನೇ ಕ್ಲಾಸಿನಿಂದ ಒಂದೇ ಬೆಂಚು ನಾವು. ಮದುವೆಯಾಗಿ ಇದೇ ಕುಂಜತ್ತೂರಿಗೆ ಇಬ್ಬರೂ ಬಂದದ್ದು ದೇವರ ಕೃಪೆ. ಅವಳ ಗಂಡ ಲಿಯೋ ಪೊರ್ಬು ತೊಕ್ಕೊಟ್ಟಿನ ಬೇಕರಿಯಲ್ಲಿ ಕೆಲಸ. ತುದಿ ಕರಟಿದ ಬ್ರೆಡ್ ಮನೆಗೆ ತರುತ್ತಾರೆ. ಕರಟಿದ್ದೇ ರುಚಿ.

2017 ಮೇ 25

ಮೊನ್ನೆ ಕಲೆಕ್ಟರೇಟ್ ಎದುರು ಕೂಗಿ ಕೂಗಿ ಗಂಟಲು ಹೋಗಿದೆ. ಎಲ್ಲ ಶಾಲೆಯಲ್ಲೂ ಮಲಯಾಳ ಕಡ್ಡಾಯ ಎಂದದ್ದಕ್ಕೆ. ಮಗ್ದಲಿನ್ ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. “ಮನೆಯಲ್ಲಿ ಕೊಂಕಣಿ, ಮಾರ್ಗದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತಿಯಲ್ಲಿ ಮಲಯಾಳ. ಸತ್ತ ಮೇಲೆ ಮೇಲೆ ಹೋಗಿ ಎಂತ ಮಾತಾಡ್ಲಿಕ್ಕುಂಟೋ ಮಾರಾಯ್ತಿ!” ಎಂದಳು. ಹಿಂದಿನ ಸಾಲಿನವರೂ ನಕ್ಕರು.

ತಮಾಷೆ ಎಂದರೆ ಕಾಗದದ ಪ್ರಕಾರ ಇವಳು ಕೇರಳದವಳೇ ಅಲ್ಲ. ಮದುವೆಯಾಗಿ ಇಪ್ಪತ್ತು ವರ್ಷ. ರೇಷನ್ ಕಾರ್ಡ್, ಆಧಾರ್ ಎಲ್ಲ ಇನ್ನೂ ಗಡಿಯಾಚೆ ಕರ್ನಾಟಕದ ತೊಕ್ಕೊಟ್ಟಿನ ತವರುಮನೆಯದ್ದೇ, ಅಣ್ಣ ಆನ್ಸನ್ ಜೊತೆ. ಗಡಿಯಲ್ಲಿ ಸುಮಾರು ಜನ ಹೀಗೆ. ಒಂದು ಕಾಲು ಆಚೆ, ಒಂದು ಕಾಲು ಈಚೆ.

2018 ಆಗಸ್ಟ್ 19, ಭಾನುವಾರ

ತೆಂಕಣ ಜಿಲ್ಲೆಗಳೆಲ್ಲ ನೀರಿನಲ್ಲಿ. ಶಾಲೆಯಲ್ಲಿ ಬಟ್ಟೆ, ಅಕ್ಕಿ ಸೇರಿಸುತ್ತಿದ್ದೇವೆ. ಚರ್ಚಿನವರು, ಮಸೀದಿಯವರು, ಭಜನಾ ಮಂದಿರದವರು ಒಂದೇ ಲಾರಿಗೆ ಮೂಟೆ ಎತ್ತಿದರು. ಕಣ್ಣು ತುಂಬಿತು, ಸುಳ್ಳು ಯಾಕೆ.

ಮಗ್ದಲಿನ್ ಬೆಡ್‌ಶೀಟ್ ತಂದಿದ್ದಳು. ಮೆಟ್ಟಿಲು ಹತ್ತುವಾಗ ಅವಳ ಕಾಲು ನೋಡಿದೆ. ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ, ಮೇಲೇಳುವುದಿಲ್ಲ. ಮುಖವೂ ಊದಿದೆ. ಊರಿಗೆಲ್ಲ ಬಿ.ಪಿ. ನೋಡುವವಳು ನಾನು, ಎದುರಿಗೇ ಇದ್ದವಳನ್ನು ನೋಡಲಿಲ್ಲ. ನಾಳೆಯೇ ರಕ್ತಪರೀಕ್ಷೆ.

2018 ಸೆಪ್ಟೆಂಬರ್ 30

ಎರಡೂ ಕಿಡ್ನಿ. ಇನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್, ಮಂಗಳವಾರ ಮತ್ತು ಶುಕ್ರವಾರ, ಮಂಗಳೂರಿನಲ್ಲಿ. ಬಸ್ಸಿನಲ್ಲಿ ಮುಕ್ಕಾಲು ಗಂಟೆ. ನಮಗೆ ಹೆರಿಗೆಗೂ ಮಂಗಳೂರು, ಹಲ್ಲುನೋವಿಗೂ ಮಂಗಳೂರು. ಇನ್ನೊಂದು ದಾರಿ ಯಾರಿಗೂ ತಲೆಗೆ ಬರುವುದೇ ಇಲ್ಲ.

ಅವಳ ಮಗಳು ನೀತಾ ಇಸ್ರೇಲಿಗೆ ಹೋಗಿ ನಾಲ್ಕು ತಿಂಗಳಷ್ಟೇ. ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸ. ವಾಪಸು ಬರುತ್ತೇನೆಂದು ಫೋನಿನಲ್ಲಿ ಅತ್ತಿತು ಹುಡುಗಿ. “ಬರುವುದು ಬೇಡ ಬಾಯ್. ಇಲ್ಲಿ ಅನ್ನು ಉಂಟಲ್ಲ” ಎಂದಳು ಮಗ್ದಲಿನ್. ಬಾಯ್ ಅಂದರೆ ಅವರಲ್ಲಿ ಮಗಳು, ಅನ್ನು ಅಂದರೆ ನಾನು. ಅನ್ನಪೂರ್ಣೇಶ್ವರಿ ಎಂದು ಪೂರ್ತಿ ಕರೆಯುವುದು ಪಂಚಾಯತಿಯಲ್ಲಿ ಮಾತ್ರ.

2019 ಜನವರಿ 2

ಆರು ದಿನದಲ್ಲಿ ಒಂದೇ ಮಾರ್ಗದ ಬದಿಯಲ್ಲಿ ಎರಡು ಸಲ ನಿಂತೆ. ಡಿಸೆಂಬರ್ 26ಕ್ಕೆ ಗಂಡನ ಒತ್ತಾಯಕ್ಕೆ ದೀಪ ಹಿಡಿದು, ಶಬರಿಮಲೆಗೆ ಹೆಂಗಸರು ಬೇಡ, ಅಯ್ಯಪ್ಪನ ಪದ್ಧತಿ ಉಳಿಯಲಿ ಎಂದು. ನಿನ್ನೆ ಜೊತೆಯ ಆಶಾದವರ ಒತ್ತಾಯಕ್ಕೆ ಕೈ ಚಾಚಿ, ಹೋಗಬಹುದು ಎನ್ನುವ ಹೆಂಗಸರ ಗೋಡೆಯಲ್ಲಿ. ಎತ್ತು ಏರಿಗೆ, ಕೋಣ ನೀರಿಗೆ. ನನಗೆ ನಿಜಕ್ಕೂ ಎಂತ ಬೇಕಿತ್ತು? ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಇವರು ಮಾತು ಬಿಟ್ಟಿದ್ದಾರೆ. ಇವರ ಝೆರಾಕ್ಸ್ ಅಂಗಡಿಗೆ ಬಂದವರು ಯಾರೋ “ಹರಿನಾಥಣ್ಣ, ನಿಮ್ಮ ಹೆಂಡತಿಯ ಫೋಟೋ ಬಂದಿದೆ” ಎಂದು ತೋರಿಸಿದರಂತೆ. ಈಗ ಇವರ ಮೊಬೈಲಿನಲ್ಲಿ ಹೊತ್ತು ಮೂಡಿದರೆ ಅದೇ ವಾಟ್ಸಾಪ್ ಗ್ರೂಪು, ಅದೇ ಜಗಳ. ಈ ಕ್ರಿಸ್ಮಸ್ಸಿಗೆ ಪೊರ್ಬು ಕಳಿಸಿದ ತಿಂಡಿ ತಟ್ಟೆಯಲ್ಲೇ ಉಳಿಯಿತು, ಅವರ ಜೊತೆ ಇವರ ಮಾತೂ ನಿಂತಿತು. ಮೊದಲು ಮುಚ್ಚಳ ತೆಗೆಯುವ ಮೊದಲೇ ಕೈ ಹಾಕುತ್ತಿದ್ದವರು.

2019 ಜೂನ್ 13

ಹೊಸ ಆರೋಗ್ಯ ಕಾರ್ಡ್ ಕೆಲಸ. ನನ್ನ ಪಾಲಿಗೆ 212 ಮನೆ. 211 ಆಯಿತು. ಬ್ಲಾಕಿನಲ್ಲೇ ಮೊದಲು. ಶನಿವಾರದ ಮೀಟಿಂಗಿನಲ್ಲಿ ಹೆಸರು ಹೇಳುತ್ತಾರಂತೆ, ನರ್ಸ್ ಸಿಸ್ಟರ್ ಹೇಳಿದರು. ಒಂದು ಮನೆ ಬಾಕಿ, ಮಗ್ದಲಿನಳದ್ದು. ಈ ಕಡೆಯ ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದೆ ಕೊಡುವ ಹಾಗಿಲ್ಲ.

2019 ಜೂನ್ 17, ಸೋಮವಾರ

ಒಪ್ಪಿಸಿದೆ. ಎರಡು ಗಂಟೆ ಹಿಡಿಯಿತು.

“ಅಮ್ಮನ ಮನೆಯ ಕಾರ್ಡಿನಿಂದ ಹೆಸರು ತೆಗೆಸುವುದು ಬೇಡ ಅನ್ನು” ಎಂದಳು. ಪೊರ್ಬು ಕೂಡ, “ಅನ್ನಪೂರ್ಣಕ್ಕ, ಆಸ್ಪತ್ರೆ ಆಚೆ ಉಂಟು. ಕಾಗದ ಮಾತ್ರ ಈಚೆ ತಂದ್ರೆ ಹೇಗೆ?” ಎಂದರು.

ಆ ಆಸ್ಪತ್ರೆಯಲ್ಲೂ ಈ ಕಾರ್ಡ್ ನಡೆಯುತ್ತದೆ, ಡಯಾಲಿಸಿಸ್ ಫ್ರೀ, ಮುಂದೆ ಪೆನ್ಶನ್ನೂ ಸಿಗಬಹುದು ಎಂದೆ. ಎಲ್ಲ ನಿಜವೇ. “ಎರಡು ದೋಣಿಯಲ್ಲಿ ಕಾಲಿಟ್ಟವರು ಉಂಟಾ ದಡ ಸೇರಿದ್ದು?” ಎಂದೂ ಕೇಳಿದೆ. ಅವಳು ನಕ್ಕು, “ನಿನಗೆ ಲಿಸ್ಟ್ ಮುಗಿಯಬೇಕು ಅಷ್ಟೇ ಅಲ್ವಾ?” ಎಂದಳು. ನಾನೂ ನಕ್ಕೆ.

ಪೊರ್ಬುವಿಗೆ ರಜೆ ಇಲ್ಲ. ತೊಕ್ಕೊಟ್ಟಿಗೆ ನಾನೇ ಹೋಗುತ್ತೇನೆ. ಹೆಸರು ತೆಗೆಸುವ ಅರ್ಜಿ, ಆಧಾರ್ ಅಡ್ರೆಸ್, ಎಲ್ಲ ನಾನೇ. ಇವರು ಅಂಗಡಿಯಲ್ಲಿ ಝೆರಾಕ್ಸ್ ತೆಗೆದುಕೊಟ್ಟರು.

2019 ಆಗಸ್ಟ್ 6

ಕಾರ್ಡ್ ಬಂತು! 212ಕ್ಕೆ 212. ಮೀಟಿಂಗಿನಲ್ಲಿ ಚಪ್ಪಾಳೆ. ಮಗ್ದಲಿನ್ ಇವತ್ತು ಡಯಾಲಿಸಿಸ್ ಮುಗಿಸಿ ಬಂದವಳು ನನಗಾಗಿ ಪಾಯಸ ಇಟ್ಟಿದ್ದಳು. ನಿಲ್ಲಲಿಕ್ಕೆ ಆಗುವುದಿಲ್ಲ, ಪಾಯಸ ಬೇರೆ ಕೇಡು.

2020 ಮಾರ್ಚ್ 24, ಮಂಗಳವಾರ

ಗಡಿಯ ತಲಪಾಡಿ ಗೇಟಿನಿಂದ ವಾಪಸು. ಕೊರೋನ ಎಂದು ಆಚೆಯವರು ರಸ್ತೆ ಬಂದ್ ಮಾಡಿದ್ದಾರೆ. ಕಾಸರಗೋಡಿನವರು ಯಾರನ್ನೂ ಬಿಡುವುದಿಲ್ಲವಂತೆ.

ನಮ್ಮ ಮುಂದೆ ಒಬ್ಬಳು ಹೆಂಗಸು ಇದ್ದಳು, ಕೈಯಲ್ಲಿ ಚೀಲ. ಪೊಲೀಸಿನವ ಅವಳ ಆಧಾರ್ ನೋಡಿದ. ಆಚೆ ಕಡೆಯ ಅಡ್ರೆಸ್. “ಹೋಗಿ. ಇನ್ನು ಈಚೆ ಬರ್ಲಿಕ್ಕಿಲ್ಲ” ಎಂದು ಬಿಟ್ಟ. ಮತ್ತೆ ಮಗ್ದಲಿನಳದ್ದು ನೋಡಿದ. ತಿರುಗಿಸಿ ನೋಡಿದ. “ಕೇರಳ” ಎಂದ. ಡಯಾಲಿಸಿಸ್ ಚೀಟಿ ತೋರಿಸಿದೆ, ಆಶಾ ಐಡಿ ತೋರಿಸಿದೆ, ಕನ್ನಡದಲ್ಲೇ ಬೇಡಿದೆ. “ಆರ್ಡರ್ ಅಕ್ಕ. ನಾನು ಎಂತ ಮಾಡ್ಲಿ?” ಚಿಕ್ಕ ಹುಡುಗ. ಅವನ ಕಣ್ಣಲ್ಲೂ ನೀರಿತ್ತೋ, ನನಗೆ ಹಾಗೆ ಕಂಡಿತೋ.

ಒಂಬತ್ತು ತಿಂಗಳ ಹಿಂದೆ ಆ ಕಾರ್ಡಿನಲ್ಲಿ ತೊಕ್ಕೊಟ್ಟು ಎಂದಿತ್ತು.

ಮಗ್ದಲಿನ್ ಕಾರ್ಡನ್ನು ನನ್ನ ಕೈಗೆ ಕೊಟ್ಟು, ಆಟೋದಲ್ಲಿ ಒರಗಿ ಕೂತಳು.

2020 ಮಾರ್ಚ್ 27

ಒಳದಾರಿಗಳಿಗೂ ಮಣ್ಣು ಸುರಿದಿದ್ದಾರೆ. ಆಳೆತ್ತರ. ಕೆಂಪು ಮಣ್ಣಿನ ರಾಶಿಯ ಆಚೆ ಆನ್ಸನ್ ಕಾರು ತಂದು ನಿಲ್ಲಿಸಿದ್ದ. “ಮಗ್ದೂ, ಹತ್ತಿ ಬಾ, ನಾನು ಹಿಡೀತೇನೆ” ಎಂದು ಕೂಗಿದ. ಅವಳು ಎರಡು ಹೆಜ್ಜೆ ಇಟ್ಟಳು. ಉಸಿರು ಸಿಕ್ಕಿಕೊಂಡಿತು. ಪೊಲೀಸಿನವರು ಓಡಿ ಬಂದರು. ಅಣ್ಣ ಆಚೆ, ತಂಗಿ ಈಚೆ, ನಡುವೆ ಇಪ್ಪತ್ತು ಮಾರು ಇರಲಿಲ್ಲ.

ಮನೆಯಲ್ಲಿ ನೀರು ಅಳೆದು ಕೊಡುತ್ತಿದ್ದೇನೆ, ದಿನಕ್ಕೆ ಎರಡು ಲೋಟ. ಕಾಲು ಸಂಜೆಗೆ ಮರದ ತುಂಡು. ತೆಂಕು ದಿಕ್ಕಿನ ಆಸ್ಪತ್ರೆಗಳಿಗೆ ಫೋನ್ ಮಾಡುತ್ತಲೇ ಇದ್ದೇನೆ. ಎಲ್ಲ ಕಡೆ ಮೆಷಿನ್ ಫುಲ್.

2020 ಮಾರ್ಚ್ 29

ಸಿಕ್ಕಿತು. ನಾಳೆ ಹತ್ತು ಗಂಟೆಗೆ. ನೂರು ಕಿಲೋಮೀಟರ್ ದೂರ, ಆದರೂ ಸಿಕ್ಕಿತು. ಮಗ್ದಲಿನಳಿಗೆ ಹೇಳಿದೆ. “ಅಷ್ಟು ದೂರ ಮಲಯಾಳದಲ್ಲಿ ನೋವು ಹೇಳ್ಲಿಕ್ಕೆ ನೀನು ಬೇಕು” ಎಂದಳು. ನಗಲು ನೋಡಿದಳು.

2020 ಮಾರ್ಚ್ 30

ನೀಲೇಶ್ವರ ದಾಟುವಾಗ ಹೋದಳು. ಆಂಬುಲೆನ್ಸಿನಲ್ಲಿ. ನನ್ನ ಕೈಯಲ್ಲಿ ಅವಳ ಕೈ.

2020 ಮಾರ್ಚ್ 31

ಮಣ್ಣು ಮಾಡುವಾಗ ಎಂಟು ಜನ. ಮಾಸ್ಕ್. ಆನ್ಸನ್ ಬರಲಾಗಲಿಲ್ಲ. ನೀತಾ ಬರಲಾಗಲಿಲ್ಲ, ವಿಮಾನವಿಲ್ಲ. ಇವರು ಗೇಟಿನ ಹೊರಗೆ ನಿಂತಿದ್ದರು.

ಪೊರ್ಬು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಸತ್ತೇ ಹೋಗುತ್ತಿದ್ದೆ.

2020 ಏಪ್ರಿಲ್ 8

ರೋಗಿಗಳ ಆಂಬುಲೆನ್ಸನ್ನು ಇನ್ನು ಬಿಡುತ್ತಾರಂತೆ. ಪೇಪರಿನಲ್ಲಿ ಬಂದಿದೆ.

2021 ಮಾರ್ಚ್ 30

ಒಂದು ವರ್ಷ ಇದರಲ್ಲಿ ಬರೆಯಲಿಲ್ಲ. ಕ್ವಾರಂಟೈನ್ ಮನೆಗಳು, ಮಾತ್ರೆ, ಈಗ ಲಸಿಕೆ. ಊರವರು ಕೊರೋನ ವಾರಿಯರ್ ಎಂದು ಶಾಲು ಹೊದಿಸಿದರು. ಬೇಡ ಎಂದರೂ ಕೇಳಲಿಲ್ಲ. ಶಾಲು ಕಪಾಟಿನ ತಳದಲ್ಲಿ ಉಂಟು.

ಇವತ್ತು ಇಗರ್ಜಿಯಲ್ಲಿ, ಅವರ ಚರ್ಚಿನಲ್ಲಿ, ಮಗ್ದಲಿನಳ ವರ್ಷದ ಪೂಜೆ. ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಪೊರ್ಬು ಎದ್ದು ಬಂದು, “ಎದುರು ಬನ್ನಿ, ಅವಳ ಜಾಗ ಖಾಲಿ ಉಂಟು” ಎಂದು ಕರೆದುಕೊಂಡು ಹೋದರು. ಕ್ಷಮೆ ಕೇಳಲು ಇದೇ ಸಮಯ ಎಂದುಕೊಂಡೆ. ಬಾಯಿ ಬರಲಿಲ್ಲ. ವರ್ಷಕ್ಕೆ ಒಮ್ಮೆಯಾದರೂ ಧೈರ್ಯ ಬರಬೇಕಲ್ಲ, ನನಗೆ ಅದೂ ಇಲ್ಲ.

2022 ನವೆಂಬರ್ 17

ಹೈವೇ ಅಗಲ ಮಾಡುವವರು ಇವರ ಅಂಗಡಿ ಒಡೆದರು. ಹದಿನೈದು ನಿಮಿಷದ ಕೆಲಸ. ಪೇಟೆಯೇ ಇಲ್ಲ ಈಗ, ಬರೀ ಧೂಳು ಮತ್ತು ಗೋಡೆ. ಎದುರಿನ ಮನೆಗೆ ಹೋಗಲು ಒಂದೂವರೆ ಕಿಲೋಮೀಟರ್ ಸುತ್ತಬೇಕು. ಝೆರಾಕ್ಸ್ ಮೆಷಿನ್ ಎತ್ತಲು ಗ್ರೂಪಿನವರು ಒಬ್ಬರೂ ಬರಲಿಲ್ಲ. ಪೊರ್ಬು ಬಂದರು. ಇಬ್ಬರೇ ಎತ್ತಿದರು. ಮುಗಿದ ಮೇಲೆ ಇವರು, “ಚಾ ಕುಡಿಯುವ, ಬನ್ನಿ” ಎಂದರು. ನಾಲ್ಕು ವರ್ಷದ ನಂತರ.

2023 ಅಕ್ಟೋಬರ್ 8, ಭಾನುವಾರ

ಇಸ್ರೇಲಿನಲ್ಲಿ ಯುದ್ಧ. ಬೆಳಿಗ್ಗೆಯೇ ಪೊರ್ಬು ಬಂದು ಜಗಲಿಯಲ್ಲಿ ನಿಂತರು. ಅಂಗಿಯ ಗುಬ್ಬಿಗಳನ್ನು ತಪ್ಪು ತೂತಿಗೆ ಹಾಕಿದ್ದರು. “ನೀತನಿಗೆ ಒಂದು ಫೋನ್ ಮಾಡ್ತೀರಾ ಅಕ್ಕ? ನನ್ನದು ಎತ್ತುವುದಿಲ್ಲ.”

ನೆಟ್‌ವರ್ಕ್ ಕಾರಣ ಎಂದುಕೊಂಡೆ. ನನ್ನದು ಎರಡನೇ ರಿಂಗಿಗೆ ಎತ್ತಿದಳು. ಬಂಕರಿನಲ್ಲಿ ಇದ್ದಾಳೆ, ಮುದುಕಿಯ ಜೊತೆ. ಕ್ಷೇಮ. ಪಪ್ಪನಿಗೆ ಕೊಡಲಾ ಎಂದೆ.

“ಬೇಡ ಆಂಟಿ. ಕ್ಷೇಮ ಉಂಟು ಅಂತ ಹೇಳಿ ಸಾಕು. ಮಮ್ಮಿಯ ಹೆಸರು ಆಚೆಯಿಂದ ತೆಗೆಸಿದ್ದು ಪಪ್ಪ. ಅವರೇ ಬಾಯಿ ಬಿಟ್ಟು ಹೇಳಿದ್ದಾರೆ. ಆ ಒಂದು ಕಾರ್ಡ್ ಇದ್ದಿದ್ರೆ ನನಗೆ ಮಮ್ಮಿ ಇರ್ತಿದ್ದರು. ನಾನು ಮಾತಾಡುವುದಿಲ್ಲ.”

ನಾನಮ್ಮಾ ತೆಗೆಸಿದ್ದು, ಎಂದು ಹೇಳಬೇಕಿತ್ತು. ಬಾಯಿ ತೆರೆದೆ. “ಜಾಗ್ರತೆ ಮಗಾ” ಎಂದೆ. ಇಟ್ಟೆ.

2023 ಅಕ್ಟೋಬರ್ 9

ಪೊರ್ಬುವಿನ ಮನೆಗೆ ಹೋದೆ. ಅಡುಗೆಮನೆಯಲ್ಲಿ ಒಬ್ಬರೇ ಗಂಜಿಗೆ ಅಕ್ಕಿ ತೊಳೆಯುತ್ತಿದ್ದರು. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಕೇಳುವಾಗಲೇ ಅಳು.

ಅಕ್ಕಿ ತೊಳೆದು ಮುಗಿಸಿದರು. ಆಮೇಲೆ ಹೇಳಿದರು. “ಆಗ ನೀತನಿಗೆ ಒಬ್ಬರ ಮೇಲೆ ಸಿಟ್ಟು ಬೇಕಿತ್ತು ಅಕ್ಕ. ಯಾರು ಮಾಡಿದ್ದು ಅಂತ ಕೇಳಿದಳು. ನಿಮ್ಮ ಹೆಸರು ಹೇಳಿದ್ರೆ ಊರಿಗೆಲ್ಲ ಬರೆದು ಹಾಕ್ತಿದ್ದಳು. ನಿಮಗೆ ನಾಳೆ ಬೆಳಿಗ್ಗೆ ಪುನಃ 212 ಮನೆಗೆ ಹೋಗ್ಲಿಕ್ಕುಂಟಲ್ಲ. ಯಾರು ಬಾಗಿಲು ತೆಗೀತಾರೆ? ಕೊರೋನ ಸಮಯ. ಬಾಗಿಲು ತೆಗೆಯದಿದ್ರೆ ಜನ ಸಾಯ್ತಾರೆ.”

“ನೀವು ಮಗಳನ್ನು ಕಳ್ಕೊಂಡಿರಲ್ಲ ಪೊರ್ಬುಗಳೇ.”

“ತಂದೆಯ ಮೇಲೆ ಸಿಟ್ಟು ಎಷ್ಟು ದಿನ? ಬರ್ತಾಳೆ.” ಅಕ್ಕಿಯನ್ನು ಒಲೆಯ ಮೇಲಿಟ್ಟು, “ನನಗೂ ತಪ್ಪು ಉಂಟು. ನಾನು ಬೇಡ ಅಂದದ್ದು ಒಂದೇ ಸಲ” ಎಂದರು.

ನಾನೇ ಅವಳಿಗೆ ಹೇಳುತ್ತೇನೆ ಎಂದೆ. ಈಗ ಬೇಡ, ಅಲ್ಲಿ ಬಾಂಬ್ ಬೀಳುತ್ತಾ ಉಂಟು, ಯುದ್ಧ ಮುಗಿಯಲಿ ಎಂದರು. ಸರಿ ಎಂದೆ. ಎಷ್ಟು ಬೇಗ ಸರಿ ಎಂದೆ ನಾನು! ಒಳಗೆ ಯಾರೋ ಬಾಗಿಲು ತೆರೆದು ಓಡಿಹೋಗು ಎಂದ ಹಾಗೆ ಆಯಿತು. ನಾಚಿಕೆ ಇಲ್ಲದ ಜನ್ಮ.

2024 ಜುಲೈ 2

ನೀತನಿಗೆ ಹೇಳಲೆಂದೇ ಫೋನ್ ಮಾಡಿದೆ. ಅಲ್ಲಿ ಸೆಕೆಯಾ ಎಂದು ಕೇಳಿ ಇಟ್ಟೆ.

2025 ಏಪ್ರಿಲ್ 1

ತಿರುವನಂತಪುರದಲ್ಲಿ ಆಶಾದವರು ಮುಷ್ಕರ ಕೂತು ಐವತ್ತು ದಿನ. ನಿನ್ನೆ ಕೆಲವರು ಕೂದಲು ಕತ್ತರಿಸಿಕೊಂಡರು. ಟಿ.ವಿ.ಯಲ್ಲಿ ನೋಡಿದೆ. ನನಗಿಂತ ಎಷ್ಟೋ ಗಟ್ಟಿಗರು. ಒಬ್ಬಳು ಮೈಕಿನಲ್ಲಿ, ನಾವು ಜೀವ ಉಳಿಸಿದವರು ಎಂದಳು. ಎದ್ದು ಹೊರಗೆ ಹೋದೆ.

2025 ನವೆಂಬರ್ 14

ಮತದಾರರ ಪಟ್ಟಿಯ ಹೊಸ ಕೆಲಸ. ಮನೆ ಮನೆಗೆ ಫಾರಂ. ಜನ ಹೆದರಿದ್ದಾರೆ, ಹೆಸರು ಹೋದರೆ ನಾವು ಯಾವ ಊರಿನವರು ಎಂದು ಕೇಳುತ್ತಾರೆ. ಗಡಿಯಲ್ಲಿ ಈ ಪ್ರಶ್ನೆ ತಮಾಷೆಯಲ್ಲ. ಯಾರಿಗೂ ಹೀಗೆ ಮಾಡಿ, ಹಾಗೆ ಮಾಡಿ ಎನ್ನುವುದಿಲ್ಲ. “ನೀವೇ ಯೋಚಿಸಿ” ಎನ್ನುತ್ತೇನೆ. ಅನ್ನಪೂರ್ಣಕ್ಕನಿಗೆ ಈಗ ಜಂಬ ಎಂದು ಊರಲ್ಲಿ ಮಾತು.

ಪೊರ್ಬುವಿನದ್ದು ತುಂಬಿಸಿದೆ. ಮೆಟ್ಟಿಲು ಹತ್ತಿದರೆ ಅವರಿಗೆ ಏದುಸಿರು. ಯುದ್ಧ ನಿಂತಿದೆಯಂತಲ್ಲ, ಈ ವಾರ ನೀತನಿಗೆ ಹೇಳುತ್ತೇನೆ ಎಂದೆ. “ಕ್ರಿಸ್ಮಸ್ಸಿಗೆ ಬರಬಹುದು. ಎದುರಿಗೆ ಕೂತು ಹೇಳುವ, ನಾನೂ ಇರ್ತೇನೆ” ಎಂದರು. ಪುನಃ ಸರಿ ಎಂದೆ.

2025 ನವೆಂಬರ್ 23

ಪೊರ್ಬು ಹೋದರು. ಹೃದಯ. ಬೆಳಿಗ್ಗೆ ಇಗರ್ಜಿಗೆ ಹೊರಟವರು ಗೇಟಿನ ಹತ್ತಿರವೇ ಕುಸಿದರಂತೆ.

ನಾನಿನ್ನು ಯಾರಿಗೆ ಸರಿ ಎನ್ನಲಿ.

2025 ನವೆಂಬರ್ 27, ಸಂಜೆ

ನೀತಾ ಬಂದಳು. ಏಳು ವರ್ಷ. ಕೂದಲು ಸಣ್ಣದು, ಮುಖ ಮಗ್ದಲಿನಳದ್ದೇ. ನನ್ನನ್ನು ತಬ್ಬಿಕೊಂಡಳು. ಪೊರ್ಬುವಿನ ಶವಪೆಟ್ಟಿಗೆಯ ಹತ್ತಿರ ನಿಂತಳು, ಅಳಲಿಲ್ಲ.

ಆನ್ಸನ್ ಕೇಳಿದ, “ಮಗ್ದುವಿನ ಗೋರಿಯಲ್ಲೇ ಇಡುವುದಲ್ವಾ? ತೆಗೀಲಿಕ್ಕೆ ಹೇಳ್ತೇನೆ.”

“ಬೇಡ ಮಾಮ. ಮಮ್ಮಿ ಹತ್ತಿರ ಬೇಡ. ಬೇರೆ ಹೊಂಡ ತೆಗೆಸಿ.”

ನಾಳೆ ನಾಲ್ಕು ಗಂಟೆಗೆ ಅಂತ್ಯಕ್ರಿಯೆ.

ಮನೆಗೆ ಬಂದು ಇವರ ಎದುರು ಎಲ್ಲ ಹೇಳಿದೆ. ನೀತನಿಗೆ ಹೇಳಿದರೆ ಆ ಹುಡುಗಿ ಜೀವಮಾನವಿಡೀ ಸುಡುತ್ತಾಳೆ, ತಪ್ಪಿಲ್ಲದ ಅಪ್ಪನ ಜೊತೆ ಮಾತು ಬಿಟ್ಟೆನಲ್ಲ ಎಂದು. ಹೇಳದಿದ್ದರೆ ಆ ಮನುಷ್ಯ ಒಬ್ಬರೇ ಮಲಗಬೇಕು, ಹೆಂಡತಿಯಿಂದ ದೂರ, ನನ್ನ ತಪ್ಪು ಹೊತ್ತು. ಇವರು ಬೇಡ ಎನ್ನುತ್ತಾರೆಂದು ಎಣಿಸಿದ್ದೆ.

“ಆ ಅರ್ಜಿಯ ಝೆರಾಕ್ಸ್ ತೆಗೆದವ ನಾನು” ಎಂದರು. “ನನಗೂ ನೆನಪು ಹೋಗಿಲ್ಲ. ಹೇಳು. ನಾನೂ ಬರ್ತೇನೆ.”

2025 ನವೆಂಬರ್ 28, ಶುಕ್ರವಾರ, ಬೆಳಿಗ್ಗೆ 9.40

ಹೇಳಿದೆ. ನಿಂತುಕೊಂಡೇ ಹೇಳಿದೆ, ಕೂತರೆ ಆಗುತ್ತಿರಲಿಲ್ಲ. ಲಿಸ್ಟ್, ಚಪ್ಪಾಳೆ, ಪೊಲೀಸಿನವ, ಪೊರ್ಬು ಯಾಕೆ ತಮ್ಮ ಹೆಸರು ಹೇಳಿದರು — ಎಲ್ಲ. ಎರಡು ವರ್ಷದಿಂದ ನನಗೆ ಗೊತ್ತಿತ್ತು ಎಂಬುದನ್ನೂ. ಅದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು.

ಬೈಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು. ನನ್ನನ್ನೇ ನೋಡಿದಳು, ಗುರುತು ಸಿಗದವರನ್ನು ನೋಡುವ ಹಾಗೆ. ಆಮೇಲೆ ಆನ್ಸನ್ ಹತ್ತಿರ ಹೋಗಿ, “ಮಮ್ಮಿಯ ಗೋರಿ ತೆಗೆಸಿ” ಎಂದಳು.

ಮೊಬೈಲ್ ತೆಗೆದು ನನಗೆ ತೋರಿಸಿದಳು. ಪಪ್ಪನ ವಾಯ್ಸ್ ಮೆಸೇಜುಗಳು. ಐದೂವರೆ ವರ್ಷದವು. ಹಳೆ ಫೋನಿನಿಂದ ಹೊಸ ಫೋನಿಗೆ ಹಾಕಿಕೊಂಡಿದ್ದಾಳೆ, ಅಳಿಸಿಲ್ಲ. ಆದರೆ ಒಂದನ್ನೂ ಕೇಳಿಲ್ಲ. ಬೆರಳಿಂದ ಮೇಲೆ ತಳ್ಳುತ್ತಾ ಹೋದಳು, ಮುಗಿಯಲೇ ಇಲ್ಲ.

ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾಳೆ. ನಾನು ಹೊರಗೆ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇವರು ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದಾರೆ.

10.15

ಪೊರ್ಬುವಿನ ಸ್ವರ ಬಾಗಿಲ ಈಚೆಗೂ ಕೇಳುತ್ತದೆ. ಮೆಸೇಜುಗಳನ್ನು ಮೊದಲಿನಿಂದ ಹಾಕಿದ್ದಾಳೆ. ಎಲ್ಲದರ ಶುರು ಒಂದೇ, ಕೊಂಕಣಿಯಲ್ಲಿ. “ನೀತಾ ಬಾಯ್, ಜೆವಣ್ ಜಾಲೆಂಗೀ?” ಊಟ ಆಯಿತಾ, ಅಷ್ಟೇ. ಸ್ವಲ್ಪ ಹೊತ್ತು ಸುಮ್ಮನೆ, ಉತ್ತರಕ್ಕೆ ಕಾಯುವ ಹಾಗೆ. ಮತ್ತೆ ಬೇಕರಿ ಸುದ್ದಿ, ಮಳೆ, ಬೆಕ್ಕು ಮರಿ ಹಾಕಿದ್ದು. ಪಕ್ಕದಲ್ಲೇ ಪೆಟ್ಟಿಗೆಯಲ್ಲಿ ಮಲಗಿದ್ದಾರೆ, ಕೋಣೆಯೊಳಗಿಂದ ಊಟ ಆಯಿತಾ ಎಂದು ಕೇಳುತ್ತಿದ್ದಾರೆ. ಕುರ್ಚಿ ಇಡುತ್ತಿದ್ದ ಇವರು ಅಲ್ಲೇ ನಿಂತುಬಿಟ್ಟರು.

ನೀತಾ ಅಳುತ್ತಿದ್ದಾಳೆ. ಈಗ ಕೇಳಿಸಿತು.

ಒಂಬತ್ತನೆಯದು. ಹತ್ತು. ಇದರಲ್ಲಿ ನನ್ನ ಹೆಸರು — “ಅನ್ನಪೂರ್ಣಕ್ಕ ಇವತ್ತು ಬಂದಿದ್ದರು ಬಾಯ್. ತುಂಬಾ ಸೋತಿದ್ದಾರೆ. ನೀನು ಊರಿಗೆ ಬಂದಾಗ ಅವರನ್ನು ಮಾತ್ರ ಮರೆಯಬೇಡ, ನನ್ನ ಹತ್ತಿರ ಮಾತಾಡದಿದ್ರೂ ಅವರ ಹತ್ತಿರ ಮಾತಾಡು.”